ಗಡಿ ಸರಿದ ಮೇಲೆ ಕೀರ್ತಿ: ಗದ್ವಾಲ ಸೀಮೆಯ ವಿದ್ವಾಂಸರು ಮತ್ತು ನೆನಪಿನ ರಾಜಕಾರಣ

ಸುರವರಂ ಪ್ರತಾಪರೆಡ್ಡಿಯವರು 1953ರ ಆಗಸ್ಟ್ 25ರಂದು ತೀರಿಕೊಂಡಾಗ ಅವರ ಊರು ರಾಯಚೂರು ಜಿಲ್ಲೆಯಲ್ಲಿತ್ತು. ತೆಲುಗು ಪತ್ರಿಕೋದ್ಯಮದ, ತೆಲುಗು ಸಾಮಾಜಿಕ ಚರಿತ್ರೆಯ, ಈಚೆಗೆ ತೆಲಂಗಾಣದ ಆತ್ಮಗೌರವದ ಪ್ರತೀಕವೆಂದು ಸ್ಮರಿಸಲಾಗುವ ಈ ಮಹನೀಯರು ಹುಟ್ಟಿನಿಂದ ಸಾವಿನವರೆಗೂ ಜಿಲ್ಲೆಯ ಲೆಕ್ಕದಲ್ಲಿ ರಾಯಚೂರಿನವರೇ ಆಗಿದ್ದರು. ರಾಜ್ಯ ಪುನರ್ವಿಂಗಡಣೆಯ ಕಾಯ್ದೆಯು ರಾಯಚೂರು ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸುವಾಗ ಆಲಂಪೂರು ಮತ್ತು ಗದ್ವಾಲ ತಾಲ್ಲೂಕುಗಳನ್ನು ಹೊರತುಪಡಿಸಿತು. 1956ರ ನವೆಂಬರ್ 1ರಂದು ಅವು ಮಹಬೂಬನಗರಕ್ಕೆ ಸೇರಿದವು. ರೆಡ್ಡಿಯವರು ಕಣ್ಮುಚ್ಚಿ ಆಗ ಮೂರು ವರ್ಷ ಕಳೆದಿತ್ತು. ಇದನ್ನು ಕರ್ನಾಟಕದ ಪರವಾಗಿ ಹಕ್ಕು ಸಾಧಿಸಲೆಂದು ಹೇಳುತ್ತಿಲ್ಲ. ಅಂಥ ಸಾಧನೆ ಹಾಸ್ಯಾಸ್ಪದವಾದೀತು. ವಿದ್ವಾಂಸನೊಬ್ಬನ ಬರಹ ಎಲ್ಲಿ ಮುಗಿಯುತ್ತದೆ, ಅವನ ಕೀರ್ತಿಯ ಚರಿತ್ರೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ನೋಡಲು ಈ ಮೂರು ವರ್ಷಗಳ ಅಂತರ ಅನುಕೂಲವಾದ ಒಂದು ಕಿಂಡಿ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ.

ರಾಜಕೀಯ ಸಿದ್ಧಾಂತವು ಪಂಡಿತರ ಹೆಸರನ್ನು ಏರಿಸುವ, ಇಳಿಸುವ ಬಗೆಗೆ ವಿದ್ವಲ್ಲೋಕದಲ್ಲಿ ಸಾಮಾನ್ಯವಾಗಿ ಚೀನಾದ ಉದಾಹರಣೆಯನ್ನು ಕೊಡುತ್ತಾರೆ. ಹು ಷಿ ಮತ್ತು ಲು ಷುನ್ ಇಬ್ಬರೂ ಒಂದೇ ಕಾಲದ ಭಾಷಾಸುಧಾರಣೆಯ ಚಳವಳಿಯಿಂದ ಬಂದವರು; ಗ್ರಾಂಥಿಕ ಚೀನೀ ಭಾಷೆಯನ್ನು ಬಿಟ್ಟು ಆಡುಮಾತಿನಲ್ಲಿ ಸಾಹಿತ್ಯ ರಚಿಸಬೇಕೆಂದು 1917ರಲ್ಲಿ ಹು ಷಿ ವಾದಿಸಿದರೆ, ಮರುವರ್ಷವೇ ಲು ಷುನ್ ಆ ಆಡುಮಾತಿನಲ್ಲಿ ಕಥೆ ಬರೆದು ತೋರಿಸಿದರು. 1936ರಲ್ಲಿ ತೀರಿಕೊಂಡ ಲು ಷುನ್ ಅವರನ್ನು ಮಾವೋ 1940ರ ಪ್ರಬಂಧವೊಂದರಲ್ಲಿ ಚೀನೀ ಸಾಂಸ್ಕೃತಿಕ ಕ್ರಾಂತಿಯ ಸೇನಾನಿಯೆಂದು ಹೊಗಳಿದ ಮೇಲೆ ಅವರ ಸ್ಥಾನವನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ಬದುಕಿದ್ದ ಹು ಷಿ ಅವರ ಮೇಲೆ 1954–55ರಲ್ಲಿ ರಾಷ್ಟ್ರವ್ಯಾಪಿ ಖಂಡನೆಯ ಅಭಿಯಾನ ನಡೆಯಿತು. ಆ ಖಂಡನೆಗಳೇ ಎಂಟು ಸಂಪುಟಗಳಾಗಿ ಅಚ್ಚಾದವು. ಸಮುದ್ರದಾಚೆಯ ತೈವಾನಿನಲ್ಲಿ ಇದು ತಲೆಕೆಳಗಾಗಿತ್ತು: ಹು ಷಿ ಅಲ್ಲಿ ಗೌರವದಿಂದ ಬಾಳಿ 1962ರಲ್ಲಿ ತೀರಿಕೊಂಡರು, ಲು ಷುನ್ ಅವರ ಪುಸ್ತಕಗಳು 1987ರಲ್ಲಿ ಸೈನಿಕ ಕಾನೂನು ತೆರವಾಗುವವರೆಗೂ ನಿಷಿದ್ಧವಾಗಿದ್ದವು. ಬರೆದ ಅಕ್ಷರ ಒಂದೂ ಬದಲಾಗದೆ, ಒಂದು ಜಲಸಂಧಿಯ ಎರಡು ದಡಗಳಲ್ಲಿ ಇಬ್ಬರೂ ಎರಡೆರಡು ವ್ಯಕ್ತಿಗಳಾದರು.

ನಮ್ಮಲ್ಲಿ ಅಭಿಯಾನಗಳಿಲ್ಲ, ಎಂಟು ಸಂಪುಟಗಳ ಖಂಡನೆಯೂ ಇಲ್ಲ. ಆದರೆ ಭಾಷಾವಾರು ಪ್ರಾಂತ್ಯವೆಂಬುದೂ ಒಂದು ಸಿದ್ಧಾಂತವೇ ಎಂಬುದನ್ನು ನಾವು ಮರೆಯುತ್ತೇವೆ. ಅದು ಖಂಡಿಸುವುದಿಲ್ಲ, ಎಣಿಸುತ್ತದೆ. ಎಣಿಕೆಗೆ ಬಾರದವರನ್ನು ಸುಮ್ಮನೆ ಬಿಡುತ್ತದೆ. ಗಡಿನಾಡಿನಲ್ಲಿ ನಿಂತು ನೋಡಿದರೆ ಈ ಸುಮ್ಮನಿರುವಿಕೆಯ ಫಲ ಖಂಡನೆಯದಕ್ಕಿಂತ ಬಹಳ ಭಿನ್ನವಾಗಿ ಕಾಣುವುದಿಲ್ಲ.

ಕೃಷ್ಣೆ ತುಂಗಭದ್ರೆಗಳ ನಡುವಣ ಭೂಮಿಗೆ ಕನ್ನಡದಲ್ಲಿ ‘ಎಡೆದೊರೆ ನಾಡು’ ಎಂಬ ಪ್ರಾಚೀನವಾದ ಹೆಸರಿದೆ. ಅದೇ ನಡುಗಡ್ಡೆಯ ಪೂರ್ವದ ತುದಿಯನ್ನು, ಅಂದರೆ ಗದ್ವಾಲ ಆಲಂಪೂರುಗಳನ್ನು, ತೆಲುಗರು ‘ನಡಿಗಡ್ಡ’ ಎನ್ನುತ್ತಾರೆ. ಅರ್ಥ ಒಂದೇ, ಎರಡು ನದಿಗಳ ನಡುವೆ ಇರುವುದು ಎಂದು. ಆದರೆ ಮೊದಲನೆಯ ಹೆಸರು ಕರ್ನಾಟಕದ ಚರಿತ್ರೆಯ ಪುಸ್ತಕಗಳಲ್ಲಿಯೂ ಎರಡನೆಯದು ತೆಲಂಗಾಣದ ಜನರ ಬಾಯಲ್ಲಿಯೂ ಉಳಿದು, ಇಂದಿನ ವಿದ್ಯಾರ್ಥಿಗೆ ಅವು ಎರಡು ದೇಶಗಳೆಂದೇ ತೋರುತ್ತವೆ. ಈ ಸೀಮೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ, ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ನವಬ್ರಹ್ಮ ದೇವಾಲಯಗಳಿವೆ. ಕೃಷ್ಣೆಯ ಉತ್ತರಕ್ಕೆ ಮಕ್ತಲ್, ನಾರಾಯಣಪೇಟೆಗಳು. ಭೀಮೆ ಬಂದು ಕೃಷ್ಣೆಯನ್ನು ಕೂಡುವುದು ಈ ಭಾಗದಲ್ಲಿಯೇ. ನಾರಾಯಣಪೇಟೆ ನೇಕಾರರ, ವ್ಯಾಪಾರಿಗಳ ಪಟ್ಟಣ. ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಅಲ್ಲಿನ ಬಜಾರದ ಮಾತು. ಗದ್ವಾಲವಾದರೋ ಸಂಸ್ಥಾನದ ರಾಜಧಾನಿ. ಪಂಡಿತರಿಗೆ ಕೊಟ್ಟ ಆಶ್ರಯದಿಂದ ‘ವಿದ್ವದ್ಗದ್ವಾಲ’ ಎನಿಸಿಕೊಂಡ ಊರು. ಕೊನೆಯ ಅರಸಿ ಆದಿಲಕ್ಷ್ಮೀದೇವಮ್ಮನವರ ಕಾಲದವರೆಗೂ ಆ ಬಿರುದಿಗೆ ಅರ್ಥವಿತ್ತು.

ಪ್ರತಾಪರೆಡ್ಡಿಯವರು 1896ರ ಮೇ 28ರಂದು ಇದೇ ಸಂಸ್ಥಾನದ ಸೀಮೆಯಲ್ಲಿ, ಸೋದರಮಾವನ ಊರಾದ ಬೋರವೆಲ್ಲಿಯಲ್ಲಿ ಹುಟ್ಟಿದರು. ಮನೆತನದ ಊರು ಇಟಿಕ್ಯಾಲಪಾಡು. ಮದರಾಸಿನಲ್ಲಿ ಓದಿ, ಹೈದರಾಬಾದಿಗೆ ಬಂದು, ರೆಡ್ಡಿ ವಿದ್ಯಾರ್ಥಿನಿಲಯದ ಹೊಣೆ ಹೊತ್ತು, 1926ರಲ್ಲಿ ‘ಗೋಲಕೊಂಡ ಪತ್ರಿಕೆ’ಯನ್ನು ಆರಂಭಿಸಿದರು. ನಿಜಾಮರ ರಾಜ್ಯದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ತೆಲುಗು, ಕನ್ನಡ, ಮರಾಠಿಗಳು ಬಹುಸಂಖ್ಯಾತರ ಮಾತಾಗಿದ್ದೂ ಕಚೇರಿಯ ಹೊಸ್ತಿಲು ದಾಟಲಾರದವು. ಈ ಮೂರರೊಳಗೂ ಮೇಲುಕೀಳುಗಳಿದ್ದವು ಎಂಬುದನ್ನು 1921ರ ನವೆಂಬರಿನ ಒಂದು ಘಟನೆ ತೋರಿಸುತ್ತದೆ. ಕರ್ವೆಯವರ ಅಧ್ಯಕ್ಷತೆಯ ಸಮಾಜಸುಧಾರಣಾ ಸಮ್ಮೇಳನದಲ್ಲಿ ಆಲಂಪಲ್ಲಿ ವೆಂಕಟರಾಮರಾವ್ ಅವರು ತೆಲುಗಿನಲ್ಲಿ ಮಾತನಾಡಲು ನಿಂತಾಗ ಸಭೆ ಗೇಲಿಮಾಡಿತು. ಆ ರಾತ್ರಿಯ ಅವಮಾನದಿಂದ ಹುಟ್ಟಿದ್ದು ಆಂಧ್ರ ಜನಸಂಘ. ಅದೇ ಬೆಳೆದು 1930ರಲ್ಲಿ ಜೋಗಿಪೇಟೆಯಲ್ಲಿ ಆಂಧ್ರ ಮಹಾಸಭೆಯಾಯಿತು. ಅದರ ಪ್ರಥಮ ಅಧಿವೇಶನದ ಅಧ್ಯಕ್ಷರು ಪ್ರತಾಪರೆಡ್ಡಿಯವರು.

ಇದಾದ ನಾಲ್ಕು ವರ್ಷಗಳಿಗೆ ‘ಗೋಲಕೊಂಡ ಕವುಲ ಸಂಚಿಕ’ ಬಂದಿತು. ತೆಲಂಗಾಣದಲ್ಲಿ ಕವಿಗಳು ಪೂಜ್ಯ ಎಂದು ವಿದ್ವಾಂಸರೊಬ್ಬರು ಬರೆದದ್ದು ಅದಕ್ಕೆ ಕಾರಣ. ಪೂಜ್ಯವೆಂದರೆ ಇಲ್ಲಿ ಸೊನ್ನೆ, ಪೂಜೆಗೆ ಅರ್ಹವೆಂದಲ್ಲ. ಕನ್ನಡದಲ್ಲಿಯೂ ಈ ಶ್ಲೇಷೆ ಕೆಲಸಮಾಡುತ್ತದೆ. ರೆಡ್ಡಿಯವರು ವಾದಕ್ಕೆ ನಿಲ್ಲಲಿಲ್ಲ. 354 ಕವಿಗಳನ್ನು ಹುಡುಕಿ, ಒಂದೆಡೆ ತಂದು 1934ರಲ್ಲಿ ಅಚ್ಚುಹಾಕಿದರು. ಲೆಕ್ಕ ತಪ್ಪೆಂದವನಿಗೆ ಲೆಕ್ಕವನ್ನೇ ಕೊಟ್ಟರು. ಆ ಸಂಚಿಕೆಯ ಪದ್ಯಗಳೆಲ್ಲವೂ ಕಾವ್ಯವಾಗಿ ಉಳಿಯುವಂಥವಲ್ಲ, ಬಹಳಷ್ಟು ಅಭ್ಯಾಸದ ಪದ್ಯಗಳು. ಆದರೆ ಆ ಪುಸ್ತಕವನ್ನು ಕಾವ್ಯಸಂಕಲನವೆಂದು ಓದುವುದೇ ತಪ್ಪು. ಅದು ಜನಗಣತಿ.

ಅವರ ಶ್ರೇಷ್ಠ ಕೃತಿ ಬೇರೆ. 1949ರಲ್ಲಿ ಪ್ರಕಟವಾದ ‘ಆಂಧ್ರುಲ ಸಾಂಘಿಕ ಚರಿತ್ರಮು’ ರಾಜರನ್ನು ಬದಿಗಿಟ್ಟು ಜನರ ಊಟ, ಉಡುಗೆ, ಜೂಜು, ಸಂತೆ, ಆಟ, ನಂಬಿಕೆಗಳನ್ನು ಹಳೆಯ ಕಾವ್ಯಗಳೊಳಗಿಂದ ಹೆಕ್ಕಿ ತೆಗೆದ ಚರಿತ್ರೆ. ಪಾಲ್ಕುರಿಕೆ ಸೋಮನಾಥನ ‘ಪಂಡಿತಾರಾಧ್ಯ ಚರಿತ್ರೆ’, ‘ಕ್ರೀಡಾಭಿರಾಮ’, ‘ಆಮುಕ್ತಮಾಲ್ಯದ’, ‘ಶುಕಸಪ್ತತಿ’ ಮೊದಲಾದವುಗಳನ್ನು ಅಲಂಕಾರಶಾಸ್ತ್ರದ ಕಣ್ಣಿನಿಂದ ನೋಡದೆ ದಾಖಲೆಗಳಂತೆ ಓದುವ ಈ ಪದ್ಧತಿ ಆ ಕಾಲಕ್ಕೆ ಹೊಸದು. 1955ರಲ್ಲಿ ಸಾಹಿತ್ಯ ಅಕಾಡೆಮಿ ತೆಲುಗಿಗೆ ಕೊಟ್ಟ ಮೊದಲ ಪ್ರಶಸ್ತಿ ಈ ಗ್ರಂಥಕ್ಕೆ, ಲೇಖಕರ ಮರಣಾನಂತರ, ಸಂದಿತು. ಕಾವ್ಯವನ್ನೂ ಕಾದಂಬರಿಯನ್ನೂ ಬಿಟ್ಟು ಚರಿತ್ರೆಯ ಪುಸ್ತಕವೊಂದಕ್ಕೆ ಆ ಗೌರವ ಸಂದದ್ದು ಗಮನಾರ್ಹ.

ಇನ್ನು ಕೀರ್ತಿಯ ಚರಿತ್ರೆ. ಏಕೀಕೃತ ಆಂಧ್ರಪ್ರದೇಶದ ಐವತ್ತೆಂಟು ವರ್ಷಗಳಲ್ಲಿ ಅವರು ಈ ಗ್ರಂಥದ ಕರ್ತೃವಾಗಿ ಉಳಿದರು. ಶೀರ್ಷಿಕೆಯಲ್ಲಿದ್ದ ‘ಆಂಧ್ರ’ ಶಬ್ದ ರಾಜ್ಯದ ಹೆಸರಿಗೆ ಹೊಂದುತ್ತಿತ್ತು. ಎಡಪಂಥೀಯ ಚರಿತ್ರೆಕಾರರಿಗೆ ಅವರಿಂದ ಹೆಚ್ಚು ಪ್ರಯೋಜನವಿರಲಿಲ್ಲ. ಅವರ ಕಥನದಲ್ಲಿ 1930ರ ಮಹಾಸಭೆ ಮನವಿಪತ್ರಗಳ ಸಂಸ್ಥೆ. ನಿಜವಾದ ಮಹಾಸಭೆ ಹುಟ್ಟುವುದು 1944ರ ಭುವನಗಿರಿ ಅಧಿವೇಶನದಲ್ಲಿ, ಕಮ್ಯುನಿಸ್ಟರು ಅದನ್ನು ತಮ್ಮ ಕೈಗೆ ತೆಗೆದುಕೊಂಡಾಗ. ಹೈದರಾಬಾದಿನ ಕೊತ್ವಾಲರಾಗಿದ್ದ ರಾಜಬಹಾದ್ದೂರ್ ವೆಂಕಟರಾಮರೆಡ್ಡಿಯವರ ಜೀವನಚರಿತ್ರೆ ಬರೆದವರು, 1952ರಲ್ಲಿ ವನಪರ್ತಿಯಿಂದ ಕಾಂಗ್ರೆಸ್ಸಿನ ಶಾಸಕರಾದವರು ರೈತ ಸಶಸ್ತ್ರ ಹೋರಾಟದ ಕಥೆಗೆ ನಾಯಕರಾಗುವುದು ಹೇಗೆ? ಹೀಗೆ ಅವರು ಖಂಡಿತರಾಗಲಿಲ್ಲ, ಮುನ್ನುಡಿಯ ವ್ಯಕ್ತಿಯಾದರು.

ಪ್ರತ್ಯೇಕ ತೆಲಂಗಾಣದ ಚಳವಳಿ ಬಲಗೊಂಡಂತೆ ತಕ್ಕಡಿ ತಿರುಗಿತು. ಸಾಮಾಜಿಕ ಚರಿತ್ರೆ ಹಿಂದೆ ಸರಿದು ಕವುಲ ಸಂಚಿಕೆ ಮುಂದೆ ಬಂದಿತು. ನಮ್ಮಲ್ಲಿ ಕವಿಗಳಿಲ್ಲವೆಂದವರಿಗೆ ಉತ್ತರ ಕೊಟ್ಟವರು ಎಂಬ ಒಂದು ವಾಕ್ಯದಲ್ಲಿ ಅವರ ಬದುಕನ್ನು ಹೇಳಲು ಸಾಧ್ಯವಾಯಿತು. ಹೈದರಾಬಾದಿನ ತೆಲುಗು ವಿಶ್ವವಿದ್ಯಾಲಯ 1985ರಲ್ಲಿ ಸ್ಥಾಪಿತವಾಗಿ, ಮುಂದೆ ಆಂಧ್ರ ರಾಜ್ಯಕ್ಕಾಗಿ ಉಪವಾಸ ಮಾಡಿ 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟ ಪೊಟ್ಟಿ ಶ್ರೀರಾಮುಲು ಅವರ ಹೆಸರನ್ನು ಹೊತ್ತಿತ್ತು. 2024ರಲ್ಲಿ ತೆಲಂಗಾಣದ ಸಚಿವ ಸಂಪುಟ ಅದಕ್ಕೆ ಸುರವರಂ ಪ್ರತಾಪರೆಡ್ಡಿಯವರ ಹೆಸರಿಡಲು ನಿರ್ಧರಿಸಿ, 2025ರಲ್ಲಿ ಶಾಸನಸಭೆಯ ಒಪ್ಪಿಗೆ ಪಡೆಯಿತು. ಗೌರವ ಅರ್ಹವಾದದ್ದೇ, ಬಹುಶಃ ತಡವಾದದ್ದು. ಆದರೆ ಒಬ್ಬರ ಹೆಸರನ್ನು ತೆಗೆದು ಇನ್ನೊಬ್ಬರ ಹೆಸರನ್ನು ಇಡುವಾಗ ಇಬ್ಬರನ್ನೂ ಎದುರಾಳಿಗಳನ್ನಾಗಿ ಮಾಡಿದಂತಾಗುತ್ತದೆ. ಅಧ್ಯಕ್ಷತೆ ವಹಿಸಿದ ಸಭೆಗೆ ‘ಆಂಧ್ರ’ ಎಂದೂ, ತಮ್ಮ ಮಹಾಗ್ರಂಥಕ್ಕೆ ‘ಆಂಧ್ರರ’ ಚರಿತ್ರೆ ಎಂದೂ ಹೆಸರಿದ್ದ ವ್ಯಕ್ತಿ ‘ಆಂಧ್ರ’ ಶಬ್ದದ ವಿರುದ್ಧದ ಪ್ರತೀಕವಾದದ್ದು ಅವರು ಬರೆದುದರ ಫಲವಲ್ಲ. ನಿಜಾಮರ ರಾಜ್ಯದಲ್ಲಿ ತೆಲುಗರು ತಮ್ಮನ್ನು ಆಂಧ್ರರೆಂದು ಕರೆದುಕೊಂಡದ್ದು ಉರ್ದುವಿನ ಎದುರು. ಮುಂದೆ ಅದೇ ಶಬ್ದ ಕರಾವಳಿಯವರ ಹೆಸರಾಗಿ ಉಳಿಯಿತು. 1956ರ ಪ್ರಶ್ನೆಗೆ ಅವರು ಏನು ಉತ್ತರ ಕೊಡುತ್ತಿದ್ದರೆಂದು ಊಹಿಸಿ ಉಭಯ ಪಕ್ಷಗಳವರೂ ಬರೆಯಬಹುದು. ಅವರು ಆಗ ಇರಲಿಲ್ಲ ಎಂಬುದಷ್ಟೇ ಚರಿತ್ರೆ.

ಪ್ರತಾಪರೆಡ್ಡಿಯವರು ಆಧಾರವಾಗಿ ಬಳಸಿಕೊಂಡ ಪಾಲ್ಕುರಿಕೆ ಸೋಮನಾಥನ ವಿಷಯದಲ್ಲಿ ಇದೇ ನಾಟಕದ ಹಳೆಯ ಅಂಕವೊಂದನ್ನು ಕನ್ನಡಿಗರು ಬಲ್ಲರು. ಅವನ ಪಾಲ್ಕುರಿಕೆ ಯಾವುದು? ಓರುಗಲ್ಲಿನ ಬಳಿಯ ಪಾಲಕುರ್ತಿಯೋ, ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯೋ? ಹಿಂದಿನ ತಲೆಮಾರಿನ ಪಂಡಿತರು ಇದಕ್ಕಾಗಿ ಬಹಳ ಕಾಗದ ಖರ್ಚುಮಾಡಿದರು. ಅವನ ತೆಲುಗು ‘ಬಸವಪುರಾಣ’ವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದನೆಂಬ ಹೆಚ್ಚು ಉಪಯುಕ್ತವಾದ ಸಂಗತಿ ಆ ಗಲಾಟೆಯಲ್ಲಿ ಎರಡನೆಯ ಸಾಲಿಗೆ ಹೋಯಿತು. ತೆಲಂಗಾಣ ಚಳವಳಿಯ ಕಾಲದಲ್ಲಿ ಸೋಮನಾಥನಿಗೆ ಮತ್ತೊಂದು ಪಾತ್ರ ಸಿಕ್ಕಿತು: ಕರಾವಳಿಯ ರಾಜಮಹೇಂದ್ರವರದಲ್ಲಿ ಬರೆದ ನನ್ನಯನಿಗೆ ಪ್ರತಿಯಾಗಿ, ದೇಸಿ ಛಂದಸ್ಸಿನ ಆದಿಕವಿಯಾಗಿ.

ಇಲ್ಲಿಯೇ ಕಾಳೋಜಿ ನಾರಾಯಣರಾವ್ ಅವರನ್ನೂ ನೆನೆಯಬೇಕು. ಅವರ ‘ನಾ ಗೊಡವ’ ಬಿಡುಗಡೆಯಾದದ್ದು 1953ರಲ್ಲಿ, ಅಂದಿನ ರಾಯಚೂರು ಜಿಲ್ಲೆಯ ಆಲಂಪುರದ ಸಾಹಿತ್ಯ ಸಮಾವೇಶದಲ್ಲಿ, ಶ್ರೀಶ್ರೀಯವರ ಕೈಯಿಂದ. ಕಾಳೋಜಿಯವರ ಜನ್ಮದಿನವಾದ ಸೆಪ್ಟೆಂಬರ್ 9ನ್ನು ತೆಲಂಗಾಣ ಸರ್ಕಾರವು 2014ರಿಂದ ತೆಲಂಗಾಣ ಭಾಷಾ ದಿನವೆಂದು ಆಚರಿಸುತ್ತಿದೆ. ಅವರು ಹುಟ್ಟಿದ್ದು ಕರ್ನಾಟಕದ ರಟ್ಟಿಹಳ್ಳಿಯಲ್ಲಿ. ತಾಯಿ ಕನ್ನಡದವರು, ತಂದೆಯ ಮನೆತನ ಮರಾಠಿ ಮೂಲದ್ದು. ತೆಲಂಗಾಣದ ಆಡುಮಾತಿನ ಅಭಿಮಾನಕ್ಕೆ ಇದರಿಂದ ಯಾವ ಕುಂದೂ ಇಲ್ಲ. ಆ ಆಡುಮಾತು ಎಂಥ ಮನೆಗಳಲ್ಲಿ ಬೆಳೆಯಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಆದರೂ ಭಾಷಾ ದಿನದ ಭಾಷಣಗಳಿಗೆ ಈ ಸಾಕ್ಷಿ ಬೇಕಾಗುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ನೆರೆಯವರ ಮನೆಯ ಮಾತು. ನಮ್ಮ ಮನೆಯದನ್ನು ಹೇಳದಿದ್ದರೆ ಅನ್ಯಾಯವಾದೀತು.

ಗದ್ವಾಲದ ನೈಋತ್ಯಕ್ಕೆ ಐಜ ಎಂಬ ಊರಿದೆ. ಹರಿದಾಸರ ಕಥೆಗಳಲ್ಲಿ ಅದು ‘ಐಜಿ’. ಅದರ ಬಳಿಯ ಉತ್ತನೂರು 18ನೆಯ ಶತಮಾನದ ಗೋಪಾಲದಾಸರ ಕರ್ಮಭೂಮಿ. ಮೊಸರಕಲ್ಲಿನಲ್ಲಿ ಹುಟ್ಟಿದ ಭಾಗಣ್ಣ, ಚೀಕಲಪರ್ವಿಯ ವಿಜಯದಾಸರಿಂದ ‘ಗೋಪಾಲವಿಠಲ’ ಅಂಕಿತ ಪಡೆದು, ಮಾನವಿಯ ಜಗನ್ನಾಥದಾಸರಿಗೆ ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷ ಧಾರೆಯೆರೆದರೆಂದು ಸಂಪ್ರದಾಯ ಹೇಳುತ್ತದೆ. ಮೊಸರಕಲ್ಲು, ಚೀಕಲಪರ್ವಿ, ಮಾನವಿ, ಉತ್ತನೂರು — ಈ ನಾಲ್ಕು ಊರುಗಳ ನಡುವೆ ದಾಸರು ಓಡಾಡಿದಾಗ ದಾಟಿದ್ದು ಹಳ್ಳಕೊಳ್ಳಗಳನ್ನು ಮಾತ್ರ. 1956ರ ಗೆರೆ ಮೂರನ್ನು ಆಚೆಗೂ ಒಂದನ್ನು ಈಚೆಗೂ ಹಾಕಿತು.

ದಾಸಸಾಹಿತ್ಯವನ್ನು ಕನ್ನಡಿಗರು ನೆನೆದ ಕ್ರಮದಲ್ಲಿಯೂ ಸಿದ್ಧಾಂತಗಳ ಪದರಗಳಿವೆ. ಮಾಧ್ವ ಮನೆಗಳಲ್ಲಿ ಗೋಪಾಲದಾಸರು ಗಣೇಶಾಂಶಸಂಭೂತರು. ಅವರ ಆರಾಧನೆ ಉಂಟು, ಹಾಡುಗಳುಂಟು, ವಿಮರ್ಶೆಯ ಅಗತ್ಯವಿಲ್ಲ. ಲಿಂಗಸುಗೂರಿನ ಗೊರೇಬಾಳ ಹನುಮಂತರಾಯರಂಥವರು ಊರೂರು ಅಲೆದು ಹಸ್ತಪ್ರತಿ ಕೂಡಿಸಿ ದಾಸರ ಹಾಡುಗಳನ್ನು ಪ್ರಕಟಿಸಿದ್ದು ಈ ಶ್ರದ್ಧೆಯಿಂದಲೇ. ನಿಜಾಮರ ಆಳ್ವಿಕೆಯಲ್ಲಿ ಅದು ಕನ್ನಡದ ಕೆಲಸವೂ ಆಗಿತ್ತೆಂಬುದನ್ನು ಮರೆಯಬಾರದು. ಏಕೀಕರಣದ ಬಳಿಕ ವಿಶ್ವವಿದ್ಯಾಲಯಗಳು ಸಾಹಿತ್ಯಚರಿತ್ರೆಯನ್ನು ಕಟ್ಟಿದಾಗ ಪುರಂದರ, ಕನಕರು ಕನ್ನಡನಾಡಿನ ಇಡೀ ಪ್ರತಿನಿಧಿಗಳಾದರು. ರಾಯಚೂರು ಸೀಮೆಯ ದಾಸರಿಗೆ ‘ಎರಡನೆಯ ಘಟ್ಟ’ ಎಂಬ ಅಧ್ಯಾಯ ಸಿಕ್ಕಿತು. ಮುಂದೆ ಸಾಮಾಜಿಕ ನ್ಯಾಯದ ರಾಜಕಾರಣ ಕನಕದಾಸರನ್ನು ಎತ್ತಿ ಹಿಡಿಯಿತು, ಸರ್ಕಾರ ಅವರ ಜಯಂತಿಯನ್ನು ಆಚರಿಸತೊಡಗಿತು. ಅದು ನ್ಯಾಯವೇ. ಆದರೆ ಬಂಡಾಯದ ಕಾಲದ ಓದಿಗೆ ಗೋಪಾಲದಾಸರಂಥವರು ಮತೀಯರಾಗಿಯೇ ಕಂಡರು, ಅವರ ಹಾಡುಗಳ ಭಾಷೆಯನ್ನು, ಅಂದರೆ ತೆಲುಗಿನ ಮಗ್ಗುಲಲ್ಲಿ ಬೆಳೆದ ಆ ಕನ್ನಡವನ್ನು, ಪರೀಕ್ಷಿಸಲು ಹೆಚ್ಚಿನವರಿಗೆ ಮನಸ್ಸಾಗಲಿಲ್ಲ. ಹೆಳವನಕಟ್ಟೆ ಗಿರಿಯಮ್ಮನಿಗೆ ಗೋಪಾಲದಾಸರ ಅನುಗ್ರಹವಾಯಿತೆಂಬ ಕಥೆಯನ್ನು ಸ್ತ್ರೀವಾದಿ ವಿಮರ್ಶೆ ಎತ್ತಿಕೊಂಡಾಗ ಕೂಡ ಬೆಳಕು ಬಿದ್ದದ್ದು ಗಿರಿಯಮ್ಮನ ಮೇಲೆ, ಅದು ಸಹಜ.

ಒಬ್ಬ ಕವಿಯ ಹೆಸರನ್ನು ಪಕ್ಷಗಳು ಎಳೆದಾಡುವುದು ಒಂದು ಬಗೆಯ ವಿಕಾರವಾದರೆ, ಯಾವ ಪಕ್ಷಕ್ಕೂ ಬೇಡವಾಗುವುದು ಇನ್ನೊಂದು. ಉತ್ತನೂರಿನ ದಾಸರು ಕರ್ನಾಟಕಕ್ಕೆ ನೆಲದಿಂದ ಹೊರಗಿನವರು, ತೆಲಂಗಾಣಕ್ಕೆ ಭಾಷೆಯಿಂದ ಹೊರಗಿನವರು. ತೆಲಂಗಾಣ ತನ್ನ ಮರೆತ ಕವಿಗಳನ್ನು ಹುಡುಕಿದಾಗ ತೆಲುಗು ಕವಿಗಳನ್ನು ಹುಡುಕಿತು, ಉರ್ದು ಕವಿಗಳನ್ನೂ ನೆನೆಯಿತು. ತನ್ನ ನೆಲದ ಕನ್ನಡ ಕವಿ ಆ ಹುಡುಕಾಟದ ಪ್ರಶ್ನೆಯೊಳಗೇ ಇರಲಿಲ್ಲ. ಕರ್ನಾಟಕವೂ ತೆಲುಗಿನಲ್ಲಿ ಬರೆದ ರಾಯಚೂರು ಜಿಲ್ಲೆಯವರನ್ನು ತನ್ನ ಚರಿತ್ರೆಯ ಪ್ರಶ್ನೆಯಾಗಿ ಕಾಣಲಿಲ್ಲ. ಇಬ್ಬರೂ ಒಂದೇ ತಪ್ಪನ್ನು ಎದುರು ದಿಕ್ಕುಗಳಿಂದ ಮಾಡಿದ್ದಾರೆ.

ಇದು ಬರಿಯ ಪಂಡಿತರ ವಿಚಾರವಲ್ಲ ಎಂಬುದು ಮಕ್ತಲ್ ಕಡೆಗೆ ಹೋದರೆ ತಿಳಿಯುತ್ತದೆ. ಕೃಷ್ಣಾ ರೈಲುನಿಲ್ದಾಣದ ಸುತ್ತಣ ಹಳ್ಳಿಗಳಲ್ಲಿ ಮನೆಮಾತು ಕನ್ನಡ; ಅಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಮಕ್ಕಳು ಓದುವ ಚರಿತ್ರೆ ತೆಲಂಗಾಣದ ಪಠ್ಯಕ್ರಮದ್ದು, ಓದುವ ಭಾಷೆ ಕನ್ನಡ. 2018ರ ಕಾಯ್ದೆಯ ಬಳಿಕ ತೆಲುಗನ್ನೂ ಕಡ್ಡಾಯವಾಗಿ ಕಲಿಯಬೇಕು. ತೆಲುಗು ಕಲಿಯುವುದು ನಷ್ಟವಲ್ಲ. ಆ ಸೀಮೆಯಲ್ಲಿ ತೆಲುಗು ಬಾರದೆ ಬದುಕುವುದೇ ಕಷ್ಟ. ಪ್ರಶ್ನೆ ಇರುವುದು ಆ ಮಗುವಿನ ಮುಂದೆ ಯಾರ ಹೆಸರುಗಳನ್ನು ಇಡುತ್ತೇವೆ ಎಂಬಲ್ಲಿ. ತನ್ನ ಜಿಲ್ಲೆಯ ಪಕ್ಕದಲ್ಲಿಯೇ ಹುಟ್ಟಿದ ಪ್ರತಾಪರೆಡ್ಡಿ ತೆಲುಗರ ದೊಡ್ಡವರೆಂದು ತಿಳಿಯುತ್ತದೆ. ನದಿಯಾಚೆಗಿನ ಉತ್ತನೂರಿನಲ್ಲಿ ತನ್ನ ಭಾಷೆಯ ದೊಡ್ಡ ಕವಿಯೊಬ್ಬ ಇದ್ದನೆಂದು ತಿಳಿಯುವ ದಾರಿ ಕಾಣದು. ಮುಂದೆ ಕಾಲೇಜಿಗೆಂದು ರಾಯಚೂರಿಗೆ ಹೋದರೆ ಅಲ್ಲಿ ದಾಸಸಾಹಿತ್ಯದ ಪಾಠ ಸಿಕ್ಕೀತು, ಆದರೆ ಉತ್ತನೂರು ಎಲ್ಲಿದೆ ಎಂದು ಹೇಳಬೇಕಾದವನು ತರಗತಿಯಲ್ಲಿ ಆ ಹುಡುಗನೇ ಆದಾನು.

ಪ್ರತಿವರ್ಷ ಸೆಪ್ಟೆಂಬರ್ 17 ಬಂದಾಗ ಈ ಎರಡು ದಡಗಳ ವ್ಯತ್ಯಾಸ ಕಣ್ಣಿಗೆ ಕಾಣುವಂತಾಗುತ್ತದೆ. 1948ರ ಆ ದಿನ ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿತು. ರಾಯಚೂರಿನಲ್ಲಿ ಅದು ಕಲ್ಯಾಣ ಕರ್ನಾಟಕದ ಉತ್ಸವ; 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಆ ಹೊಸ ಹೆಸರು ಬಂದದ್ದೂ ಅದೇ ದಿನ. ಮಕ್ತಲ್‌ನಲ್ಲಿ ಅದೇ ದಿನವನ್ನು ಒಂದು ಸರ್ಕಾರ ರಾಷ್ಟ್ರೀಯ ಸಮೈಕ್ಯತೆಯ ದಿನವೆಂದಿತು, ಅದರ ನಂತರದ್ದು ಪ್ರಜಾಪಾಲನೆಯ ದಿನವೆಂದಿತು, ಕೇಂದ್ರ ಸರ್ಕಾರ ವಿಮೋಚನಾ ದಿನವೆನ್ನುತ್ತದೆ. ದಿನಕ್ಕೇ ಇಷ್ಟು ಹೆಸರುಗಳಾದರೆ ಆ ದಿನವನ್ನು ಬದುಕಿದ್ದು ಕಂಡ ಪತ್ರಕರ್ತನಿಗೆ, ಕವಿಗೆ ಎಷ್ಟು ಹೆಸರುಗಳು ಬಂದರೂ ಆಶ್ಚರ್ಯವಿಲ್ಲ. ಹು ಷಿ ಅವರ ಅಧ್ಯಯನಕ್ಕೆ ಚೀನಾದಲ್ಲಿ 1979ರ ಬಳಿಕ ಮತ್ತೆ ಅವಕಾಶವಾದಾಗ ಅಲ್ಲಿನ ವಿದ್ವಾಂಸರು ಮೊದಲು ಮಾಡಿದ ಕೆಲಸ ಹೊಸ ಹೊಗಳಿಕೆಯಾಗಬೇಕಾಗಿರಲಿಲ್ಲ. ಅವರ ಮೂಲ ಪಠ್ಯಗಳು ಓದುಗರ ಕೈಗೆ ಸಿಗುವಂತಾದದ್ದೇ ದೊಡ್ಡದಾಗಿತ್ತು. ಗದ್ವಾಲ ಸೀಮೆಯ ವಿಷಯದಲ್ಲಿಯೂ ಕೆಲಸ ಅಲ್ಲಿಂದಲೇ ಆರಂಭವಾಗಬೇಕು. ಕವುಲ ಸಂಚಿಕೆಯಲ್ಲಿರುವ ಸಂಸ್ಥಾನಗಳ ಪಂಡಿತರಲ್ಲಿ ಕನ್ನಡವನ್ನೂ ಬಲ್ಲವರು ಯಾರು, ಆಲಂಪುರ ಸುತ್ತಿನ ಶಾಸನಗಳ ಕನ್ನಡಕ್ಕೂ ದಾಸರ ಕನ್ನಡಕ್ಕೂ ಏನು ಸಂಬಂಧ ಎಂಬುದನ್ನು ಉಭಯ ಭಾಷೆ ಬಲ್ಲವರೇ ಕುಳಿತು ನೋಡಬೇಕು.

ಗದ್ವಾಲ, ಐಜಗಳ ತೆಲುಗು ಮಾಧ್ವ ಮನೆಗಳಲ್ಲಿ ದಾಸರ ಹಾಡುಗಳನ್ನು ಇಂದಿಗೂ ಹಾಡುತ್ತಾರೆ. ಭಾಷೆ ಕನ್ನಡ, ಕೈಯಲ್ಲಿರುವ ಪುಸ್ತಕದ ಲಿಪಿ ತೆಲುಗು. 1956ಕ್ಕೆ ಮೊದಲು ಅಚ್ಚಾದ ಪುಸ್ತಕವಾದರೆ ಅದರಲ್ಲಿ ಉತ್ತನೂರು ರಾಯಚೂರು ಜಿಲ್ಲೆಯಲ್ಲಿರುತ್ತದೆ, ಆಮೇಲಿನದಾದರೆ ಮಹಬೂಬನಗರ ಜಿಲ್ಲೆಯಲ್ಲಿ, 2016ರ ನಂತರದ್ದಾದರೆ ಜೋಗುಲಾಂಬ ಗದ್ವಾಲ ಜಿಲ್ಲೆಯಲ್ಲಿ. ಹಾಡು ಮೂರರಲ್ಲಿಯೂ ಅದೇ.